ಹಳಿಯ ಗಾಡಿ, ಹಳಿಯಿಲ್ಲದ ಗಾಡಿ: ಮುಂಬಯಿ ಕಲಿಸಿದ ಪಾಠ

ದಾದರ್ ಟಿ.ಟಿ. ಎಂಬ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರಿಲ್ಲ. ಆದರೆ ಟಿ.ಟಿ. ಎಂದರೆ ‘ಟ್ರಾಮ್ ಟರ್ಮಿನಸ್’, ಅಂದರೆ ಟ್ರಾಮ್ ಗಾಡಿಯ ಕೊನೆಯ ನಿಲ್ದಾಣ ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ತಿಳಿದೀತು? ಇಲ್ಲಿ ಟ್ರಾಮ್ ನಿಂತದ್ದು 1964ರಲ್ಲಿ. ಅರವತ್ತು ವರ್ಷಗಳು ಕಳೆದರೂ ಜನರ ಬಾಯಲ್ಲಿ ಆ ನಿಲ್ದಾಣ ಉಳಿದಿದೆ. ಇದೇ ನಗರದಲ್ಲಿ 1962ರಿಂದ 1971ರವರೆಗೆ ಓಡಿದ ಟ್ರಾಲಿ ಬಸ್ಸನ್ನಾದರೋ ಹಳಬರೂ ನೆನಪು ಮಾಡಿಕೊಳ್ಳಬೇಕು. ನಗರವೊಂದನ್ನು ಬೆಳೆಸುವಾಗ, ಹಳೆಯ ಬಡಾವಣೆಗಳನ್ನು ಕೆಡವಿ ಕಟ್ಟುವಾಗ, ರಸ್ತೆಯಲ್ಲಿ ಹಳಿ ಹಾಕಬೇಕೆ ಅಥವಾ ರಬ್ಬರ್ ಗಾಲಿಯ ಗಾಡಿ ಸಾಕೆ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಅದನ್ನು ನಮ್ಮ ಕಣ್ಣೆದುರಿನ ಊರಿನ ಚರಿತ್ರೆಯಿಂದಲೇ ತೂಗಿ ನೋಡಬಹುದು.

ಮುಂಬಯಿಯಲ್ಲಿ ಮೊದಲ ಟ್ರಾಮ್ ಓಡಿದ್ದು 1874ರ ಮೇ 9ರಂದು. ಎಳೆಯುತ್ತಿದ್ದುದು ಕುದುರೆಗಳು. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೂಲಕ ಪಾಯಧುನಿಗೆ ಒಂದು ದಾರಿ, ಬೋರಿಬಂದರಿನಿಂದ ಕಾಲಬಾದೇವಿ ಮೂಲಕ ಪಾಯಧುನಿಗೆ ಇನ್ನೊಂದು. ಮೊದಲು ದರ ಮೂರಾಣೆ. ಸಾಮಾನ್ಯರಿಗೆ ಅದು ಸಣ್ಣ ಮೊತ್ತವಲ್ಲ. ಕ್ರಮೇಣ ದರ ಇಳಿಯಿತು, ಜನ ಹತ್ತಿದರು. 1907ರ ಮೇ ತಿಂಗಳಿನಲ್ಲಿ ವಿದ್ಯುತ್ ಟ್ರಾಮ್ ಬಂದಿತು. ಜನಸಂದಣಿ ತಾಳಲಾರದೆ 1920ರಲ್ಲಿ ಎರಡಂತಸ್ತಿನ ಟ್ರಾಮನ್ನೂ ಇಳಿಸಬೇಕಾಯಿತು.

ಈ ನಡುವೆ ಇನ್ನೊಂದು ದೊಡ್ಡ ಘಟನೆ ನಡೆದಿತ್ತು. 1896ರ ಪ್ಲೇಗು ಇಕ್ಕಟ್ಟಾದ ಚಾಳುಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1898ರಲ್ಲಿ ಸರಕಾರವು ‘ಇಂಪ್ರೂವ್‌ಮೆಂಟ್ ಟ್ರಸ್ಟ್’ ಸ್ಥಾಪಿಸಿ ನಗರದ ಪುನರ್ನಿರ್ಮಾಣಕ್ಕೆ ಕೈಹಾಕಿತು. ಉತ್ತರದಲ್ಲಿ ದಾದರ್–ಮಾಟುಂಗಾ ಯೋಜನೆ ರೂಪುಗೊಂಡಿತು. ಅಗಲವಾದ ರಸ್ತೆ, ಗಾಳಿ ಬೆಳಕಿರುವ ಮನೆ, ನಡುವೆ ಉದ್ಯಾನ. ಆದರೆ ಕೋಟೆಯ ಕಚೇರಿಯಲ್ಲಿ ದುಡಿಯುವ ಗುಮಾಸ್ತನು ಅಷ್ಟು ದೂರ ಹೋಗಿ ನೆಲೆಸಬೇಕಾದರೆ ನಿತ್ಯ ಹೋಗಿ ಬರುವ ಅನುಕೂಲವಿರಬೇಕಷ್ಟೆ? ಲೋಕಲ್ ರೈಲಿನ ಜೊತೆಗೆ ಟ್ರಾಮ್ ಆ ಅನುಕೂಲ ಒದಗಿಸಿತು. ಟ್ರಾಮ್ ಹಳಿ ದಾದರಿಗೆ ಬಂದಿತು, ಮುಂದೆ ಕಿಂಗ್ಸ್ ಸರ್ಕಲ್‌ವರೆಗೂ ಹೋಯಿತು. ದಕ್ಷಿಣದಿಂದ ಬಂದ ಕುಟುಂಬಗಳು ಈ ಭಾಗದಲ್ಲಿ ಬೇರೂರಿದವು. ನಮ್ಮ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘಗಳು ಮಾಟುಂಗಾದಲ್ಲಿಯೇ ಇರುವುದಕ್ಕೂ ಈ ಬಡಾವಣೆಯ ಹುಟ್ಟಿಗೂ ನಂಟುಂಟು.

ಹಳಿಯ ಗುಣವನ್ನು ವಿಜ್ಞಾನದ ದೃಷ್ಟಿಯಿಂದಲೂ ನೋಡೋಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಆಗುವ ತಡೆ, ರಸ್ತೆಯ ಮೇಲೆ ರಬ್ಬರ್ ಟೈರು ಉರುಳುವಾಗಿನದಕ್ಕಿಂತ ಹಲವು ಪಟ್ಟು ಕಡಿಮೆ. ಆದುದರಿಂದ ಅದೇ ಶಕ್ತಿಯಲ್ಲಿ ಹೆಚ್ಚು ಭಾರವನ್ನು ಎಳೆಯಬಹುದು. ಹಿಡಿತ ಕಡಿಮೆಯಾದ್ದರಿಂದ ಏರಿನಲ್ಲಿ, ಮಳೆಯಲ್ಲಿ, ಥಟ್ಟನೆ ನಿಲ್ಲಿಸುವಾಗ ತೊಂದರೆ. ಅಲ್ಲಿ ಟೈರೇ ಮೇಲು. ಟ್ರಾಮಿಗೆ ತಲೆಯ ಮೇಲೆ ಒಂದೇ ತಂತಿ ಸಾಕು, ವಿದ್ಯುತ್ತು ಹಳಿಯ ಮೂಲಕ ಹಿಂದಿರುಗುತ್ತದೆ. ಹಳಿಯಿಲ್ಲದ ಟ್ರಾಲಿ ಬಸ್ಸಿಗೆ ಎರಡು ತಂತಿ ಬೇಕು. ಅದು ಅಡ್ಡ ಬಂದ ಕೈಗಾಡಿಯನ್ನು ತುಸು ಬಳಸಿ ಹೋಗಬಲ್ಲದು. ಟ್ರಾಮ್ ನಿಂತು ಗಂಟೆ ಬಾರಿಸಬೇಕು ಅಷ್ಟೆ.

ಈ ಗಂಟೆ ಬಾರಿಸುವ ಸ್ಥಿತಿಯೇ ಟ್ರಾಮಿಗೆ ಮುಳುವಾಯಿತು. 1926ರ ಜುಲೈ 15ರಂದು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು ಹೊರಟಿತು. ಮೋಟಾರುಗಳು ಹೆಚ್ಚಿದಂತೆ ಹಳಿಯ ಜಾಗವನ್ನೂ ಅವೇ ಆಕ್ರಮಿಸಿದವು. ಪ್ರಯಾಣಿಕರು ವಾಹನಗಳ ನಡುವೆಯೇ ನಡುರಸ್ತೆಗೆ ಹೋಗಿ ಹತ್ತಬೇಕಾಯಿತು. ಟ್ರಾಮ್ ನಿಧಾನವೆಂದು ದೂರಿದವರು ಅದನ್ನು ನಿಧಾನ ಮಾಡಿದವರಾರೆಂದು ಕೇಳಲಿಲ್ಲ. ಒಂದೊಂದೇ ಮಾರ್ಗ ಮುಚ್ಚಿ, 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಓಡಿತು.

ಬದಲಿಗೆಂದು ತಂದ ಟ್ರಾಲಿ ಬಸ್ಸು ಗೋವಾಲಿಯಾ ಟ್ಯಾಂಕಿನಿಂದ ಮಝಗಾಂವ್ ಡಾಕ್‌ಗೆ ಓಡಿ ಒಂಬತ್ತೇ ವರ್ಷಗಳಲ್ಲಿ ಮರೆಯಾಯಿತು. ಹಳಿಯಿಲ್ಲದಿದ್ದರೂ ತಂತಿಯ ಕಟ್ಟು ಅದಕ್ಕಿತ್ತು. ತನ್ನದೇ ದಾರಿ ಮಾತ್ರ ಅದಕ್ಕೂ ಇರಲಿಲ್ಲ. ಇತರ ನಗರಗಳ ಕಥೆಯೂ ಬೇರೆಯಲ್ಲ. ಮದರಾಸಿನ ಟ್ರಾಮ್ 1895ರಿಂದ 1953ರವರೆಗೆ, ದಿಲ್ಲಿಯದು 1908ರಿಂದ 1963ರವರೆಗೆ. 1873ರಲ್ಲಿ ಎಲ್ಲರಿಗಿಂತ ಮೊದಲು ಟ್ರಾಮ್ ಕಂಡ ಕಲಕತ್ತೆಯಲ್ಲಿಯೂ, ಪಾರಂಪರಿಕ ಮಾರ್ಗವೊಂದನ್ನು ಬಿಟ್ಟು ಉಳಿದುದನ್ನು ನಿಲ್ಲಿಸುವ ಇಂಗಿತವನ್ನು ಅಲ್ಲಿನ ಸರಕಾರ 2024ರಲ್ಲಿ ಪ್ರಕಟಿಸಿತು.

ಹಾಗಾದರೆ ಹಳಿಯೇ ಶ್ರೇಷ್ಠವೆನ್ನೋಣವೇ? ಅದೂ ದುಡುಕಿನ ಮಾತು. 2014ರಲ್ಲಿ ಚೆಂಬೂರಿನಿಂದ ವಡಾಲಕ್ಕೆ, 2019ರಲ್ಲಿ ಜೇಕಬ್ ಸರ್ಕಲ್‌ವರೆಗೆ ಬಂದ ಮೋನೊ ರೈಲಿಗೆ ರಸ್ತೆಯ ಮೇಲೆ ತನ್ನದೇ ದಾರಿಯಿತ್ತು. ಆದರೂ ನಿರೀಕ್ಷಿಸಿದಷ್ಟು ಜನ ಹತ್ತಲಿಲ್ಲ. ಜನರಿರುವಲ್ಲಿಂದ ಜನ ಹೋಗಬೇಕಾದಲ್ಲಿಗೆ ಹೋಗದ ಹಳಿ, ಎಷ್ಟು ಗಟ್ಟಿಯಾದರೇನು? ಇನ್ನೊಂದೆಡೆ ನಮ್ಮ ಹುಬ್ಬಳ್ಳಿ–ಧಾರವಾಡಗಳ ನಡುವೆ 22 ಕಿಲೋಮೀಟರ್ ದೂರಕ್ಕೆ ಬಸ್ಸಿಗಾಗಿಯೇ ರಸ್ತೆಯ ನಡುಭಾಗವನ್ನು ಮೀಸಲಿಟ್ಟರು. ಬಸ್ಸಿನಲ್ಲಿ ಕುಳಿತವರಿಗೆ ವೇಗ ಸಿಕ್ಕಿತು. ಪಕ್ಕದಲ್ಲಿ ನೂಕುನುಗ್ಗಲಿಗೆ ಸಿಕ್ಕಿದ ವಾಹನಗಳವರು ಆ ಖಾಲಿ ದಾರಿಯನ್ನು ನೋಡಿ ಗೊಣಗಿದರು. ಇಂಥ ಗೊಣಗಾಟಕ್ಕೆ ಮಣಿದು ದಾರಿಯನ್ನು ಎಲ್ಲರಿಗೂ ಬಿಟ್ಟರೆ, ಅಂದು ಮುಂಬಯಿಯ ಟ್ರಾಮಿಗೆ ಆದ ಗತಿಯೇ ಬಸ್ಸಿಗೂ ಆಗುತ್ತದೆ.

ಮುಖ್ಯ ಪ್ರಶ್ನೆ ಉಕ್ಕೋ ರಬ್ಬರೋ ಎಂಬುದಲ್ಲ. ಸಾರ್ವಜನಿಕ ಗಾಡಿಗೆ ರಸ್ತೆಯಲ್ಲಿ ಹಕ್ಕಿನ ಜಾಗವಿದೆಯೇ, ಅದು ನಾಳೆಯೂ ಇರುವುದೇ ಎಂಬುದು. ಬಸ್ ಮಾರ್ಗವನ್ನು ಒಂದು ಸುತ್ತೋಲೆಯಿಂದ ಬದಲಿಸಬಹುದು. ಹೊಸ ಬಡಾವಣೆಗೆ ಕೂಡಲೇ ಗಾಡಿ ಕಳಿಸಲು ಅದು ಅನುಕೂಲ. ಅದನ್ನೇ ನಂಬಿ ಮನೆ ಮಾಡಿದವನಿಗೆ ಮಾತ್ರ ಅಪಾಯ. ಹಳಿ ಕಿತ್ತು ಹಾಕುವುದು ಅಷ್ಟು ಸುಲಭವಲ್ಲ. ಆ ಮಟ್ಟಿಗೆ ಅದು ನಗರವು ನಿವಾಸಿಗಳಿಗೆ ಬರೆದುಕೊಟ್ಟ ಕರಾರುಪತ್ರವಿದ್ದಂತೆ. ಹಾಗಿದ್ದೂ ಮುಂಬಯಿ ಆ ಕರಾರನ್ನು ಮುರಿಯಿತು.

ಕೆಲಸವನ್ನರಸಿ ಬಂದು, ಬಾಡಿಗೆಗೆ ಅಂಜಿ ದೂರ ದೂರಕ್ಕೆ ಸರಿಯುವ ನಮ್ಮಂಥ ಕುಟುಂಬಗಳಿಗೆ ಇದು ಬರಿಯ ಎಂಜಿನಿಯರರ ಚರ್ಚೆಯಲ್ಲ. ಹೊಸ ಯೋಜನೆಗಳ ನಕ್ಷೆ ಹೊರಬಿದ್ದಾಗ ಗಾಡಿಯ ಅಂದವನ್ನು ಆಮೇಲೆ ನೋಡೋಣ. ಅದಕ್ಕೆ ಪ್ರತ್ಯೇಕ ದಾರಿ ಇದೆಯೇ, ಜನವಸತಿಯ ನಡುವೆ ಹಾಯುತ್ತದೆಯೇ, ಇಪ್ಪತ್ತು ವರ್ಷಗಳ ಬಳಿಕವೂ ಓಡುವುದೆಂಬ ಭರವಸೆ ಯಾರದು ಎಂದು ಮೊದಲು ಕೇಳೋಣ.