ಚಿತ್ರಕಲೆಯ ಪೀರಿಯಡ್ ನಡೆದು ಬಂದ ದಾರಿ

ಜೂನ್ ತಿಂಗಳು ಬಂತೆಂದರೆ ನಮ್ಮ ಉಪ್ಪಲ್‌ನ ಸ್ಟೇಷನರಿ ಅಂಗಡಿಗಳ ಮುಂದೆ ತಾಯಂದಿರದೇ ಗುಂಪು. ಥರ್ಮಾಕೋಲ್, ಚಾರ್ಟ್ ಶೀಟ್, ಗ್ಲಿಟರ್, ಫೆವಿಕಾಲ್, ಐಸ್‌ಕ್ರೀಮ್ ಕಡ್ಡಿಗಳ ಕಟ್ಟು. ಒಂದನೇ ತರಗತಿಯ ಮಗುವಿಗೆ ಶಾಲೆಯವರು ‘ಆರ್ಟ್ ಪ್ರಾಜೆಕ್ಟ್’ ಕೊಟ್ಟಿರುತ್ತಾರೆ. ರಾತ್ರಿ ಅಮ್ಮ ಕತ್ತರಿಸುತ್ತಾಳೆ, ಅಪ್ಪ ಅಂಟಿಸುತ್ತಾನೆ, ಮಗು ಅಷ್ಟೊತ್ತಿಗೆ ನಿದ್ದೆ ಹೋಗಿರುತ್ತದೆ. ಮರುದಿನ ಮಗುವಿನ ಹೆಸರಿನಲ್ಲಿ ಅಮ್ಮನಿಗೆ ಮೂರು ಸ್ಟಾರ್ ಸಿಗುತ್ತವೆ.

ಬಹಳ ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನಾನು ಈಗ ಭಾನುವಾರಗಳಂದು ನಮ್ಮ ಕನ್ನಡದ ಮಕ್ಕಳಿಗೆ ಅಕ್ಷರದ ಜೊತೆ ಚಿತ್ರ, ಮಣ್ಣಿನ ಕೆಲಸ ಹೇಳಿಕೊಡುತ್ತೇನೆ. ಆರರಿಂದ ಒಂಬತ್ತು ವರ್ಷದವರು. ಈ ಸಂಚಿಕೆಗೆ ಮಕ್ಕಳ ಕಲೆಯ ಬಗ್ಗೆ ಏನಾದರೂ ಬರೆಯಿರಿ ಎಂದು ಗೆಳತಿಯರು ಕೇಳಿದಾಗ, ‘ಹೀಗೆ ಮಾಡಿ, ಹಾಗೆ ಮಾಡಿ’ ಎಂದು ಪಟ್ಟಿ ಕೊಡಲು ಮನಸ್ಸಾಗಲಿಲ್ಲ. ಅಂಥ ಪಟ್ಟಿಗಳು ಎಲ್ಲರ ಮೊಬೈಲಿನಲ್ಲೂ ಇವೆ. ಪುಟ್ಟ ಮಗುವಿನ ಕೈಗೆ ಶಾಲೆ ಬಣ್ಣ ಕೊಟ್ಟದ್ದು ಯಾವಾಗ, ಯಾಕೆ, ಅದು ಮತ್ತೆ ದೊಡ್ಡವರ ಕೈಗೆ ಹೇಗೆ ಜಾರಿತು ಎಂಬುದನ್ನು ನನಗೆ ತಿಳಿದಷ್ಟು ಬರೆದಿದ್ದೇನೆ.

ಮೊದಲಿಗೆ ಶಾಲೆಯೊಳಗೆ ಬಂದದ್ದು ಕಲೆಯಲ್ಲ, ‘ಡ್ರಾಯಿಂಗ್’. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಮದ್ರಾಸಿನಲ್ಲಿ ಕಲಾಶಾಲೆ ತೆರೆದ. 1857ರಲ್ಲಿ ಮುಂಬಯಿಯಲ್ಲಿ ಜೆ.ಜೆ. ಕಲಾಶಾಲೆ ಶುರುವಾಯಿತು. ಅಂದಿನ ಕಲಿಕೆಯ ಮಾದರಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನದು. ಅಲ್ಲಿ ಕಲಿಕೆಯನ್ನು 23 ಹಂತಗಳಾಗಿ ಕತ್ತರಿಸಿ ಇಟ್ಟಿದ್ದರು. ಮೊದಲು ಗೆರೆ, ಆಮೇಲೆ ಮುದ್ರಿತ ಹಾಳೆ ನೋಡಿ ಬಳ್ಳಿಯ ನಕಲು, ಆಮೇಲೆ ಘನಾಕೃತಿ, ನೆರಳು. ಬಣ್ಣಕ್ಕೆ ಬಹಳ ಕಾಯಬೇಕು. ಕೈ ಮತ್ತು ಕಣ್ಣು ಪಳಗಬೇಕು, ನಕ್ಷೆ ಬರೆಯುವವರು, ನೇಯ್ಗೆ ಮರಗೆಲಸಗಳಿಗೆ ವಿನ್ಯಾಸ ತೆಗೆಯುವವರು ತಯಾರಾಗಬೇಕು ಎಂಬುದು ಗುರಿ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಗೆ ‘ಎಲಿಮೆಂಟರಿ’, ‘ಇಂಟರ್‌ಮೀಡಿಯೆಟ್’ ಡ್ರಾಯಿಂಗ್ ಪರೀಕ್ಷೆಗಳು ಬಂದದ್ದು ಹೀಗೆ. ಲೋಯರ್, ಹೈಯರ್ ಎಂಬ ಹೆಸರಿನಲ್ಲಿ ಅವುಗಳ ತಂಗಿಯರು ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಇಂದಿಗೂ ಇದ್ದಾರೆ.

ಇದನ್ನು ಹಗುರವಾಗಿ ತೆಗೆಯಲಾರೆ. ನಮ್ಮ ಉಪ್ಪಲ್‌ನಲ್ಲೇ ಸರ್ವೆ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಇದೆ. ಕಂಪ್ಯೂಟರ್ ಬರುವ ಮೊದಲು ಭೂಪಟದ ಒಂದೊಂದು ಗೆರೆಯನ್ನೂ ಕೈಯಲ್ಲಿ ಎಳೆಯುತ್ತಿದ್ದರು. ಆ ಗೆರೆ ಕೂದಲೆಳೆಯಷ್ಟು ಜರುಗಿದರೂ ಒಂದು ಹಳ್ಳವೋ ಒಂದು ಗಡಿಯೋ ಜಾಗ ತಪ್ಪುತ್ತದೆ. ಅಂಥ ಕೈ ಬೇಕು, ನಿಜ. ಆದರೆ ಅದೇ ಶಿಸ್ತನ್ನು ಆರು ವರ್ಷದ ಮಗುವಿನ ಮೇಲೆ ಹೇರಿದ್ದರಲ್ಲಿ ತೊಂದರೆ ಇತ್ತು. ಬೋರ್ಡಿನ ಮೇಲೆ ಮಾವಿನಹಣ್ಣು, ನಲವತ್ತು ಸ್ಲೇಟಿನಲ್ಲೂ ಅದೇ ಮಾವಿನಹಣ್ಣು. ನನ್ನ ತಲೆಮಾರಿನವರೆಲ್ಲ ಕಲಿತದ್ದು ಹಾಗೆಯೇ.

ಮಗು ತಾನಾಗಿ ಬರೆದದ್ದಕ್ಕೂ ಬೆಲೆ ಇದೆ ಎಂಬುದು ದೊಡ್ಡವರ ಕಣ್ಣಿಗೆ ಬಿದ್ದದ್ದು ತಡವಾಗಿ. ಇಟಲಿಯ ಬೊಲೊನಾ ಊರಿನಲ್ಲಿ ಕೊರಾಡೊ ರಿಚ್ಚಿ ಎಂಬ ಕಲಾ ಇತಿಹಾಸಕಾರ ಒಮ್ಮೆ ಮಳೆ ಬಂತೆಂದು ಕಂಬಸಾಲಿನ ಕೆಳಗೆ ನಿಂತನಂತೆ. ಎದುರಿನ ಗೋಡೆಯ ತುಂಬ ಮಕ್ಕಳು ಗೀಚಿದ ಚಿತ್ರಗಳು. ಎತ್ತರದಲ್ಲಿದ್ದವು ದೊಡ್ಡ ಹುಡುಗರವು, ಕೆಳಗಿದ್ದವು ಪುಟಾಣಿಗಳವು. ಕೆಳಗಿನವು ಅವನನ್ನು ಹಿಡಿದು ನಿಲ್ಲಿಸಿದವು. 1887ರಲ್ಲಿ ಅವನು ಮಕ್ಕಳ ಕಲೆಯ ಮೇಲೆ ಪುಸ್ತಕವನ್ನೇ ಬರೆದ. ಗೋಡೆ ಹಾಳಾಯಿತೆಂದು ಬೈಯದೆ ಅದನ್ನು ನೋಡುತ್ತಾ ನಿಂತ ಆ ಮನುಷ್ಯನ ಮೇಲೆ ನನಗೆ ವಿಶೇಷ ಪ್ರೀತಿ. ಹತ್ತು ವರ್ಷದ ನಂತರ, 1897ರಲ್ಲಿ, ವಿಯೆನ್ನಾದಲ್ಲಿ ಫ್ರಾಂಟ್ಸ್ ಚಿಜೆಕ್ ಮಕ್ಕಳಿಗೆಂದೇ ಕಲಾತರಗತಿ ತೆರೆದ. ಅಲ್ಲಿ ನಕಲು ಹಾಳೆಗಳಿಲ್ಲ, ಮಕ್ಕಳು ತಮಗೆ ತೋಚಿದ್ದನ್ನು ಬರೆಯಬಹುದು. ಅವನ ಮಕ್ಕಳ ಚಿತ್ರಗಳೆಲ್ಲ ಕೊನೆಗೆ ಒಂದೇ ತರಹ ಕಾಣುತ್ತಿದ್ದವು ಎಂದು ಆಡಿಕೊಂಡವರೂ ಇದ್ದಾರೆ. ಇರಬಹುದು. ಮೇಷ್ಟರ ರುಚಿ ಮಕ್ಕಳಿಗೆ ಅಂಟದೆ ಇರುತ್ತದೆಯೇ?

ನಮ್ಮ ದೇಶದಲ್ಲಿ ಈ ವಿಚಾರ ಬೇರೆ ಬಾಗಿಲಿನಿಂದ ಬಂತು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆ ತೆರೆದರು. 1919ರಲ್ಲಿ ಅಲ್ಲಿ ಕಲಾಭವನ ಶುರುವಾಯಿತು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಮ್ಮ ಕೆಟ್ಟ ಅಕ್ಷರದ ಬಗ್ಗೆ ನಾಚಿಕೊಂಡು, ಮಕ್ಕಳಿಗೆ ಬರವಣಿಗೆಗಿಂತ ಮೊದಲು ಚಿತ್ರ ಬಿಡಿಸಲು ಕಲಿಸಬೇಕು, ಹೂವು ಹಕ್ಕಿಗಳನ್ನು ನೋಡುವ ಹಾಗೆ ಅಕ್ಷರವನ್ನೂ ನೋಡಿ ಕಲಿಯಬೇಕು ಎಂಬ ಅರ್ಥದ ಮಾತು ಹೇಳಿದ್ದಾರೆ. 1937ರ ವಾರ್ಧಾ ಸಮ್ಮೇಳನದ ನಂತರ ಜಾಕಿರ್ ಹುಸೇನರ ಸಮಿತಿ ಮಾಡಿದ ಮೂಲಶಿಕ್ಷಣದ ಪಠ್ಯಕ್ರಮದಲ್ಲಿ ಚಿತ್ರಕ್ಕೂ ಜಾಗ ಸಿಕ್ಕಿತು. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಹಳ್ಳಿಯ ಮಕ್ಕಳ ಜೊತೆ ವರ್ಷಗಟ್ಟಲೆ ಕೂತರು. ಕಲೆ ಎಂಬುದು ಶಿಕ್ಷಣದ ಮೇಲಿನ ಅಲಂಕಾರವಲ್ಲ, ಅದರ ಬುಡ ಎಂದು ವಾದಿಸಿ ಪುಸ್ತಕ ಬರೆದರು.

ಅಕ್ಷರವನ್ನು ಚಿತ್ರದಂತೆ ನೋಡುವ ಮಾತು ಕನ್ನಡಕ್ಕೆ ಎಷ್ಟು ಸರಿಹೊಂದುತ್ತದೆ ಎಂಬುದು ನನಗೆ ತಿಳಿದದ್ದು ಭಾನುವಾರದ ತರಗತಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಅ ಆ ಇ ಈ ಎಂದು ಶುರುಮಾಡದೆ ರ, ಗ, ಸ, ದ, ಅ ಎಂದು ಹೊರಡುತ್ತಾರೆ. ಬರೆಯಲು ಸುಲಭವಾದ ತಿರುವು ಮೊದಲು. ಇಲ್ಲಿಯ ಮಕ್ಕಳಿಗೆ ತೆಲುಗು ಅಕ್ಷರದ ಪರಿಚಯ ಇರುತ್ತದೆ, ಎರಡೂ ಅಕ್ಕತಂಗಿಯರ ಲಿಪಿ. ‘ರ’ವನ್ನು ಬಸವನಹುಳು ಮಾಡಿ, ‘ದ’ಕ್ಕೆ ಬಾಲ ಹಚ್ಚಿ ಅವರು ಬರೆಯುವಾಗ ಯಾರೂ ಕಾಪಿ ಪುಸ್ತಕ ಕೇಳುವುದಿಲ್ಲ.

ಕನ್ನಡನಾಡಿನ ಮಾತು ಬಂದಾಗ ಶಿವರಾಮ ಕಾರಂತರನ್ನು ಬಿಡುವ ಹಾಗಿಲ್ಲ. 1930ರ ದಶಕದಲ್ಲಿ ಪುತ್ತೂರಿನ ತಮ್ಮ ಬಾಲವನದಲ್ಲಿ ಅವರು ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳ ಕಲಿಕೆಯ ಪ್ರಯೋಗ ಮಾಡಿದರು. ಅದೇ ಕಾಲಕ್ಕೆ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ತಂದರು. ಕಾದಂಬರಿ, ಯಕ್ಷಗಾನಗಳ ನೆರಳಿನಲ್ಲಿ ಅವರ ಈ ಕೆಲಸ ಸ್ವಲ್ಪ ಮರೆಯಾಗಿದೆ.

ಸ್ವಾತಂತ್ರ್ಯದ ನಂತರ ಸ್ಪರ್ಧೆಗಳ ಕಾಲ. ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ದಿಲ್ಲಿಯಲ್ಲಿ ಮಕ್ಕಳ ಚಿತ್ರಸ್ಪರ್ಧೆ ಶುರುಮಾಡಿದರು. ಮರುವರ್ಷವೇ ಅದು ಅಂತರರಾಷ್ಟ್ರೀಯವಾಯಿತು. ದಿಲ್ಲಿಯ ಬಾಲಭವನದ ಮಾದರಿಯಲ್ಲಿ ನಮ್ಮ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲೂ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲೂ ಜವಾಹರ ಬಾಲಭವನಗಳು ಬಂದವು. ಸಾವಿರಾರು ಮಕ್ಕಳಿಗೆ ಮೊದಲ ಬಾರಿ ದೊಡ್ಡ ಹಾಳೆ, ದಪ್ಪ ಕುಂಚ ಸಿಕ್ಕಿದ್ದು ಅಲ್ಲಿಯೇ. ಅದಕ್ಕೆ ಋಣಿಗಳು. ಆದರೆ ಸ್ಪರ್ಧೆ ಒಂದು ಚಟವನ್ನೂ ಅಂಟಿಸಿತು ಎಂಬುದು ನನ್ನ ಅಭಿಪ್ರಾಯ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು, ನಾಲ್ಕಾಗಿ ಹಾರುವ ಹಕ್ಕಿ. ಬಹುಮಾನ ಬರುವ ಚಿತ್ರ ಹೇಗಿರಬೇಕೆಂದು ಮಕ್ಕಳಿಗಿಂತ ಮೊದಲು ಅಮ್ಮಂದಿರಿಗೆ ಗೊತ್ತಾಯಿತು. ಉಪ್ಪಲ್‌ನ ಸುತ್ತ ಗುಡ್ಡ ಎಲ್ಲಿದೆ? ಮೆಟ್ರೋ ಇದೆ, ಸ್ಟೇಡಿಯಂ ಇದೆ, ವರಂಗಲ್ಲಿಗೆ ಹೋಗುವ ಬಸ್ಸುಗಳಿವೆ. ಅವನ್ನು ಬರೆದ ಮಗುವಿಗೆ ಬಹುಮಾನ ಬಂದದ್ದನ್ನು ನಾನಂತೂ ನೋಡಿಲ್ಲ.

ಇಷ್ಟೂ ಶಾಲೆಯ ಕಥೆ. ಶಾಲೆ ಕಣ್ಣು ಬಿಡುವ ಮುಂಚಿನಿಂದಲೂ ಮನೆಯ ಅಂಗಳದಲ್ಲಿ ಇನ್ನೊಂದು ಪಾಠ ನಡೆದಿತ್ತು. ಅದನ್ನು ಯಾರೂ ಕಲೆ ಎಂದು ಕರೆಯಲಿಲ್ಲ, ಪ್ರಾಜೆಕ್ಟ್ ಎಂದೂ ಕರೆಯಲಿಲ್ಲ.

ನಾನು ಸೇಡಂ ಕಡೆಯವಳು. 1956ರ ನವೆಂಬರ್ 1ರ ತನಕ ನಮ್ಮ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಕಡೆ ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ತಂದು, ನೆನೆಸಿ, ಹದ ಮಾಡಿ ಎತ್ತು ಮಾಡಬೇಕು. ಮಾಡುವವರು ಮಕ್ಕಳೇ. ಕಾಲು ನಿಲ್ಲದಿದ್ದರೆ ಎತ್ತು ಮುಗ್ಗರಿಸುತ್ತದೆ, ಮಣ್ಣು ತೀರ ಒದ್ದೆಯಾದರೆ ಕೊಂಬು ಬಾಗುತ್ತದೆ. ನಮ್ಮ ಆಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳೇ ಹೊರತು ಕೈ ಹಚ್ಚುತ್ತಿರಲಿಲ್ಲ. “ಕೊಂಬ ಹಚ್ಚಲಿಲ್ಲಂದ್ರ ಅದು ಎತ್ತ ಅಲ್ಲ, ಕತ್ತಿ ಆಗತದ ನೋಡವ್ವ” ಎಂದು ನಗುತ್ತಿದ್ದಳು. ಕತ್ತೆಯಂತಿದ್ದ ಎತ್ತಿಗೂ ಪೂಜೆ ಆಗುತ್ತಿತ್ತು. ಯಾರ ಎತ್ತನ್ನೂ ಹಿಂದೆ ಸರಿಸುತ್ತಿರಲಿಲ್ಲ.

ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ. ಮತ್ತೆ ಮಣ್ಣು, ಕೂತ ಗುಳ್ಳವ್ವ, ಮೈತುಂಬ ಗುಲಗಂಜಿ, ಜೋಳದ ಕಾಳು ಒತ್ತಿ ಒಡವೆ. ಗುಲಗಂಜಿ ವಿಷದ ಬೀಜ. ಈಗಿನ ಪುಟ್ಟ ಮಕ್ಕಳ ಕೈಗೆ ಅದನ್ನು ಕೊಡಬೇಡಿ, ಜೋಳ ಅಲಸಂದಿ ಸಾಕು. ಇಲ್ಲಿ ತೆಲಂಗಾಣದಲ್ಲಿ ಬತುಕಮ್ಮ ಎಲ್ಲರಿಗೂ ಗೊತ್ತು, ತಂಗಡಿ ಹೂವಿನ ಗೋಪುರ. ಅದಕ್ಕೂ ಮುಂಚೆ ಭಾದ್ರಪದದಲ್ಲಿ ಸಣ್ಣ ಹುಡುಗಿಯರು ಆಡುವ ಬೊಡ್ಡೆಮ್ಮ ಎಷ್ಟು ಜನಕ್ಕೆ ಗೊತ್ತು? ಹುತ್ತದ ಮಣ್ಣಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅವಳನ್ನು ಕಟ್ಟಿ, ಹೂವಿಟ್ಟು, ಸುತ್ತ ಹಾಡುತ್ತಾರೆ. ಈ ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ತೆಲುಗು ಅಕ್ಕ ಬೊಡ್ಡೆಮ್ಮನ ವಿಷಯ ಹೇಳಿದಾಗ, ಅಯ್ಯೋ, ಇವಳು ನಮ್ಮ ಗುಳ್ಳವ್ವನ ಓರಗಿತ್ತಿ ಅನ್ನಿಸಿತು.

ಇಂಥದ್ದೇ ಇನ್ನೊಂದು ಜೋಡಿ ಇದೆ. ಕೊಪ್ಪಳದ ಹತ್ತಿರ ಕಿನ್ನಾಳದ ಗೊಂಬೆಗಳು. ಹಗುರ ಮರ, ಅದರ ಮೇಲೆ ಸೆಣಬು, ಮರದ ಪುಡಿ, ಹುಣಸೆಬೀಜದ ಅಂಟು ಸೇರಿಸಿದ ‘ಕಿಟ್ಟ’. ನಮ್ಮ ಉಪ್ಪಲ್ ದಾಟಿ ವರಂಗಲ್ ರಸ್ತೆ ಹಿಡಿದು ಜನಗಾಂವ್ ಕಡೆ ಹೋದರೆ ಸಿಗುವ ಚೆರಿಯಾಲದಲ್ಲಿ ಬಟ್ಟೆಯ ಮೇಲೆ ಕಥೆ ಬರೆಯುವ ಕುಟುಂಬಗಳು ಮುಖವಾಡಗಳನ್ನೂ ಮಾಡುತ್ತವೆ. ಅದಕ್ಕೂ ಮರದ ಪುಡಿ ಮತ್ತು ಹುಣಸೆಬೀಜದ ಅಂಟು. ಎರಡೂರಿನವರು ಪರಸ್ಪರ ಕೇಳಿ ಮಾಡಿದ್ದಲ್ಲದಿರಬಹುದು. ಹುಣಸೆಮರ ಎರಡೂ ಕಡೆ ಇದೆ, ಅಷ್ಟೆ. ನಮ್ಮ ಮಕ್ಕಳಿಗೆ ಮಾತ್ರ ಇದು ಬಹಳ ಮಜಾ ಕೊಟ್ಟಿತು. ಹುರಿದು ನೆನೆಸಿದ ಹುಣಸೆಬೀಜವನ್ನು ನಾನು ಮಿಕ್ಸಿಯಲ್ಲಿ ರುಬ್ಬಿ ಕುದಿಸಿ ತಂದೆ. ಮರದ ಪುಡಿಯನ್ನು ಬಡಗಿಯ ಹತ್ತಿರ ಕೇಳಿ ತರುವುದು, ಕಲಸುವುದು, ತಟ್ಟುವುದು ಅವರ ಕೆಲಸ. ಮುಖವಾಡ ಒಣಗಲು ನಾಲ್ಕು ದಿನ ಬೇಕು ಎಂದಾಗ ಒಂದು ಹುಡುಗ, “ಅಜ್ಜಿ, ಫ್ಯಾನ್ ಹಾಕ್ರಿ” ಎಂದ.

ಈಗ ಕಾನೂನಿನ ಮಾತು. ತಾಯಂದಿರು ಇದನ್ನು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದಿದೆ. ಯಾರಿಗೆ? 6ರಿಂದ 8ನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ. 1ರಿಂದ 5ನೇ ತರಗತಿಗೆ ಅಂಥ ಮಾತೇ ಇಲ್ಲ. ಕೈ ಮಣ್ಣಾಗಬೇಕಾದ ವಯಸ್ಸಿಗೇ ಕಲೆಯ ಮೇಷ್ಟರಿಲ್ಲ. ತರಗತಿಯ ಶಿಕ್ಷಕಿಯೇ ಗಣಿತ, ಪರಿಸರ, ಭಾಷೆಗಳ ನಡುವೆ ಇದನ್ನೂ ನೋಡಿಕೊಳ್ಳಬೇಕು. ಸಿಲೆಬಸ್ ಉಳಿದರೆ ಮೊದಲು ಹೋಗುವುದು ಡ್ರಾಯಿಂಗ್ ಪೀರಿಯಡ್. ಹೋದದ್ದು ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಮನೆಗೆ ಬಂದು ಅಮ್ಮನ ತಲೆಯ ಮೇಲೆ ಕೂರುತ್ತದೆ. ಶಿಕ್ಷಕಿಯರನ್ನು ಬೈಯುವುದು ಸುಲಭ. ನಾನೂ ಅದೇ ಕುರ್ಚಿಯಲ್ಲಿ ಕೂತವಳು, ಅವರ ಪಾಡು ಗೊತ್ತು.

ಇತ್ತೀಚೆಗೆ ಗಾಳಿ ಸ್ವಲ್ಪ ತಿರುಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಾಠಗಳಲ್ಲಿ ಕಲೆ ಬೆರೆಯಬೇಕು ಎಂದಿತು. 2022ರಲ್ಲಿ 3ರಿಂದ 8 ವರ್ಷದ ಮಕ್ಕಳ ಪಠ್ಯಕ್ರಮದ ಚೌಕಟ್ಟು ಬಂತು. 2024ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾನ್ಸುರಿ’ ಎಂಬ ಕಲೆಯ ಪಠ್ಯಪುಸ್ತಕವನ್ನೇ ತಂದಿತು. ಚಿತ್ರ, ಸಂಗೀತ, ನೃತ್ಯ, ನಾಟಕ ಎಲ್ಲವೂ ಅದರಲ್ಲಿವೆ. ಪುಸ್ತಕ ಬಂದದ್ದು ಸಂತೋಷ. ಅದನ್ನೂ ಪರೀಕ್ಷೆಗೆ ಓದಿಸದಿದ್ದರೆ ಇನ್ನೂ ಸಂತೋಷ.

ನಮ್ಮ ತರಗತಿಯ ವಿಚಾರ ಹೇಳಿ ಮುಗಿಸುತ್ತೇನೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಭಾನುವಾರ ಎತ್ತು, ಆಷಾಢದಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಪಕ್ಕದ ಬೀದಿಯ ತೆಲುಗು ಮಕ್ಕಳನ್ನೂ ಕರೆದು ಬೊಡ್ಡೆಮ್ಮ. ಮಣ್ಣನ್ನು ಗಣಪತಿ ಮಾಡುವ ಕುಂಬಾರರ ಹತ್ತಿರ ಕೇಳಿದರೆ ಕೊಡುತ್ತಾರೆ. ಬಣ್ಣಕ್ಕೆ ಅರಿಶಿನ, ಕೆಮ್ಮಣ್ಣು, ಸುಣ್ಣ, ಇದ್ದಿಲು. ಸುಣ್ಣ ಕಲಸುವುದು ಮಾತ್ರ ದೊಡ್ಡವರು. ಅಪಾರ್ಟ್‌ಮೆಂಟಿನ ನೆಲ ಕೆಡುತ್ತದೆ ಎನ್ನುವವರು ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿಕೊಳ್ಳಿ, ಉಪ್ಪಲ್‌ನಲ್ಲಿ ಅದಕ್ಕೆ ಬರವಿಲ್ಲ. ಬಿಟ್ಟು ಹೋಗಲು ಬಂದ ಅಮ್ಮಂದಿರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ, ಚಹಾ ಎರಡೂ ಇರುತ್ತವೆ. ಮಕ್ಕಳ ಎತ್ತಿನ ಕೊಂಬು ತಿದ್ದಲು ಮುಂದೆ ಬರುವ ಹಾಗಿಲ್ಲ. ತಿದ್ದಲೇಬೇಕೆಂದು ಕೈ ತುರಿಸುವವರಿಗೆಂದು ಒಂದು ಮುದ್ದೆ ಮಣ್ಣನ್ನು ಬೇರೆಯೇ ಇಟ್ಟಿರುತ್ತೇನೆ. ಹೋದ ವರ್ಷ ಅದೂ ಖಾಲಿಯಾಯಿತು.