ಯೋಜನೆ ಮತ್ತು ಮಾರುಕಟ್ಟೆ: ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳ ಆರ್ಥಿಕ ಚರಿತ್ರೆ

ದೇಶದ ಸಂಪತ್ತನ್ನು ಎಲ್ಲಿ, ಎಷ್ಟು, ಯಾರಿಗಾಗಿ ಬಳಸಬೇಕೆಂದು ಸರ್ಕಾರ ಮೊದಲೇ ಲೆಕ್ಕ ಹಾಕಿ ನಿರ್ಧರಿಸುವುದು ಯೋಜಿತ ಆರ್ಥಿಕತೆ. ಆ ನಿರ್ಧಾರವನ್ನು ಕೊಳ್ಳುವವರಿಗೆ, ಮಾರುವವರಿಗೆ ಮತ್ತು ಅವರ ನಡುವೆ ಕುದುರುವ ಬೆಲೆಗೆ ಬಿಟ್ಟುಕೊಡುವುದು ಮುಕ್ತ ಮಾರುಕಟ್ಟೆಯ ಬಂಡವಾಳಶಾಹಿ. ಇಪ್ಪತ್ತನೆಯ ಶತಮಾನದುದ್ದಕ್ಕೂ ಅರ್ಥಶಾಸ್ತ್ರಜ್ಞರನ್ನೂ ರಾಷ್ಟ್ರಗಳನ್ನೂ ಎರಡು ಪಾಳಯಗಳಾಗಿ ಒಡೆದ ಈ ವಾದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳಲ್ಲಿ ಬಿದಿರು, ಹೊಳೆ ನೀರು, ಕಬ್ಬು ಮತ್ತು ಗೋವಿನಜೋಳದ ರೂಪದಲ್ಲಿ ಜನರ ಬದುಕನ್ನು ಹೊಕ್ಕಿತು. ಇಲ್ಲಿ ಯೋಜನೆ ಮತ್ತು ಮಾರುಕಟ್ಟೆ ಎದುರಾಳಿಗಳಾಗಿ ನಿಂತದ್ದಕ್ಕಿಂತ ಪಾಲುದಾರರಾಗಿ ನಡೆದದ್ದೇ ಹೆಚ್ಚು. ಸ್ಥಳೀಯರಿಗೆ ಆ ಪಾಲುದಾರಿಕೆಯಲ್ಲಿ ಜಾಗ ಸಿಕ್ಕಿದ್ದು ತಡವಾಗಿ, ಅದೂ ಹೋರಾಟದಿಂದ.

ವಾದದ ಹುಟ್ಟು

ಬೆಲೆಯಿಲ್ಲದೆ ಆರ್ಥಿಕ ಲೆಕ್ಕಾಚಾರವೇ ಅಸಾಧ್ಯ ಎಂದು ಆಸ್ಟ್ರಿಯಾದ ಲುಡ್ವಿಗ್ ಫಾನ್ ಮೀಸಸ್ 1920ರಲ್ಲಿ ವಾದಿಸಿದರು. ಮರುವರ್ಷವೇ ಸೋವಿಯತ್ ರಷ್ಯಾ ತನ್ನ ಯೋಜನಾ ಮಂಡಳಿ ಗೊಸ್‌ಪ್ಲಾನ್ ಅನ್ನು ಸ್ಥಾಪಿಸಿತು. ಸಮಾಜವಾದಿ ವ್ಯವಸ್ಥೆಯೂ ಸರಿಯಾದ ಬೆಲೆಗಳನ್ನು ಕಂಡುಕೊಳ್ಳಬಲ್ಲದು ಎಂದು ಪೋಲೆಂಡಿನ ಆಸ್ಕರ್ ಲಾಂಗೆ ಉತ್ತರಿಸಿದರು. 1945ರಲ್ಲಿ ಫ್ರೀಡ್ರಿಖ್ ಹಾಯೆಕ್ ವಾದವನ್ನು ಬೇರೆ ನೆಲೆಗೆ ಒಯ್ದರು: ಆರ್ಥಿಕತೆಗೆ ಬೇಕಾದ ತಿಳಿವಳಿಕೆ ಸಾವಿರಾರು ಜನರಲ್ಲಿ, ಆಯಾ ಜಾಗದಲ್ಲಿ ಚೆದುರಿಕೊಂಡಿರುತ್ತದೆ, ಅದನ್ನು ರಾಜಧಾನಿಯ ಯಾವ ಕಚೇರಿಯೂ ಒಟ್ಟುಗೂಡಿಸಲಾರದು.

ಕನ್ನಡ ನಾಡು ಈ ವಾದದ ಎರಡೂ ಬದಿಗೆ ದೊಡ್ಡ ಹೆಸರುಗಳನ್ನು ಕೊಟ್ಟಿದೆ. ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ 1934ರಲ್ಲಿ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಪ್ರಕಟಿಸಿ, ಇಡೀ ದೇಶಕ್ಕೆ ಹತ್ತು ವರ್ಷಗಳ ಕಾರ್ಯಕ್ರಮ ಸೂಚಿಸಿದರು. ಸ್ವಾತಂತ್ರ್ಯದ ನಂತರ 1950ರಲ್ಲಿ ಯೋಜನಾ ಆಯೋಗ ಬಂತು. 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಶುರುವಾಯಿತು. ಎರಡನೆಯ ಯೋಜನೆಯ ಕರಡನ್ನು ಅರ್ಥಶಾಸ್ತ್ರಜ್ಞರ ಸಮಿತಿ 1955ರಲ್ಲಿ ಪರಿಶೀಲಿಸಿದಾಗ ಬಿ. ಆರ್. ಶೆಣೈ ಭಿನ್ನಮತದ ಟಿಪ್ಪಣಿ ಬರೆದರು. ಅವರು ಮಂಗಳೂರು ಸೀಮೆಯ ಬೆಳ್ಳಿಕೋತಿನವರು. ಉಳಿತಾಯಕ್ಕೆ ಮೀರಿದ ಹೂಡಿಕೆಯನ್ನು ಕೊರತೆ ಹಣಕಾಸಿನಿಂದ ತೂಗಿಸಲು ಹೊರಟರೆ ಬೆಲೆಯೇರಿಕೆ ತಪ್ಪದು, ನಿಯಂತ್ರಣಗಳು ಬೆಳೆಯುತ್ತವೆ ಎಂಬುದು ಅವರ ಎಚ್ಚರಿಕೆ. 1957ರ ಹೊತ್ತಿಗೆ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿತು.

ಯೋಜನೆಗೆ ಮುಂಚಿನ ಕಾಡು

ಈ ನಾಲ್ಕು ತಾಲ್ಲೂಕುಗಳಲ್ಲಿ ಸರ್ಕಾರದ ಹಿಡಿತ ಪಂಚವಾರ್ಷಿಕ ಯೋಜನೆಗಿಂತ ಬಹಳ ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಬ್ರಿಟಿಷರ ಕೈ ಸೇರಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹಳಿಯಾಳ, ಸೂಪಾ ಭಾಗದ ಸಾಗುವಾನಿ ಹಡಗು ಕಟ್ಟೆಗೂ ರೈಲಿಗೂ ಬೇಕಾಗಿತ್ತು. ಅದಕ್ಕಾಗಿ ಕಾಡು ಕಡಿದು ಸುಟ್ಟು ಬಿತ್ತುವ ಕುಮ್ರಿ ಬೇಸಾಯವನ್ನು ಹತ್ತಿಕ್ಕಲಾಯಿತು. 1878ರ ಅರಣ್ಯ ಕಾಯ್ದೆಯ ಅಡಿ ಕಾಡು ಮೀಸಲಾಯಿತು. ಕುಣಬಿ, ಗೌಳಿ, ಸಿದ್ದಿ ಕುಟುಂಬಗಳು ತಲೆಮಾರುಗಳಿಂದ ಓಡಾಡಿದ ನೆಲದಲ್ಲಿ ಅತಿಕ್ರಮಣದಾರರೆನಿಸಿಕೊಂಡವು. ಮರ ಸಾಗಿಸಲು ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಹಾಸಲಾಯಿತು. ಒಡೆತನ ಸರ್ಕಾರದ್ದು, ಮಾರಾಟ ಡಿಪೋದ ಹರಾಜಿನಲ್ಲಿ: ಮುಂದಿನ ಶತಮಾನದ ಮಿಶ್ರ ಆರ್ಥಿಕತೆಯ ಅಚ್ಚು ಇಲ್ಲಿಯೇ ಸಿದ್ಧವಾಗಿತ್ತು.

ದಾಂಡೇಲಿಯ ಕಾಗದ, ಮೇದಾರರ ಬಿದಿರು

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ನೋಂದಣಿಯಾದಾಗ ದಾಂಡೇಲಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮರುವರ್ಷ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು. 1959ರಲ್ಲಿ ಕಾಗದ ತಯಾರಿಕೆ ಆರಂಭವಾಯಿತು. ಬಂಡವಾಳ ಖಾಸಗಿ ಬಾಂಗಡ್ ಮನೆತನದ್ದು. ಆದರೆ ಕಚ್ಚಾವಸ್ತು ಸರ್ಕಾರದ ಕಾಡಿನದು, ಬೆಲೆಯೂ ಸರ್ಕಾರ ನಿಗದಿ ಮಾಡಿದ್ದು. ಹಿಂದುಳಿದ ಪ್ರದೇಶಕ್ಕೆ ಉದ್ಯಮ ಬರಬೇಕು, ಓದು ಹರಡುತ್ತಿರುವ ದೇಶಕ್ಕೆ ಕಾಗದ ಬೇಕು ಎಂಬುದು ಆ ರಿಯಾಯಿತಿಯ ಹಿಂದಿನ ಸಮರ್ಥನೆ. ಅದರಲ್ಲಿ ಹುರುಳಿತ್ತು. ಪ್ಲೈವುಡ್ ಮತ್ತು ಫೆರೋ ಮ್ಯಾಂಗನೀಸ್ ಕಾರ್ಖಾನೆಗಳೂ ಸೇರಿ ಕಾಡಿನ ಡಿಪೋ ಊರು ಕಾರ್ಮಿಕರ ಪಟ್ಟಣವಾಯಿತು. ಉತ್ತರ ಕರ್ನಾಟಕದ ಬಯಲುಸೀಮೆಯಿಂದ ಸಾವಿರಾರು ಜನ ಇಲ್ಲಿ ಕೂಲಿ, ಸಂಬಳ, ಮನೆ ಕಂಡುಕೊಂಡರು.

ಬೆಲೆಯ ಕಥೆ ಬೇರೆ. ಕಾರ್ಖಾನೆಗೆ ಆರಂಭದಲ್ಲಿ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ್ದಾರೆ. ಬುಟ್ಟಿ, ಮೊರ, ಚಾಪೆ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದ ದರ ಅದರ ನೂರಾರು ಪಟ್ಟು. ಒಂದೇ ಬಿದಿರಿಗೆ ಯೋಜನೆಯ ಬೆಲೆ ದೊಡ್ಡವನಿಗೆ, ಮಾರುಕಟ್ಟೆಯ ಬೆಲೆ ಬಡವನಿಗೆ. ಅಷ್ಟು ಅಗ್ಗವಾದ ವಸ್ತುವನ್ನು ಜೋಪಾನ ಮಾಡುವ ಒತ್ತಡ ಯಾರ ಮೇಲೂ ಇರಲಿಲ್ಲ. ಮೆಳೆಗಳು ಬರಿದಾದವು.

ಮೇದಾರರ ದೂರುಗಳ ನಂತರ 1970ರ ದಶಕದ ಮಧ್ಯದಲ್ಲಿ ರಾಜ್ಯ ಸರ್ಕಾರ ಬಿದಿರಿನ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಗಾಡ್ಗೀಳರಿಗೆ ವಹಿಸಿತು. ಅವರೂ ಎಸ್. ಎನ್. ಪ್ರಸಾದರೂ ಉತ್ತರ ಕನ್ನಡದ ಕಾಡುಗಳಲ್ಲಿ ಮೆಳೆ ಮೆಳೆಯನ್ನೂ ಎಣಿಸಿದರು. ಮೆಳೆಯ ಬುಡದ ಮುಳ್ಳಿನ ಹೆಣಿಗೆಯನ್ನು ಸವರಿದರೆ ಗಳ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿದ್ದ ನಂಬಿಕೆ. ಮುಳ್ಳು ಹೋದರೆ ಕಳಲೆ ದನಕರುಗಳ, ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತದೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಅಧ್ಯಯನ ಹಳ್ಳಿಯವರ ಮಾತನ್ನೇ ಎತ್ತಿಹಿಡಿಯಿತು. ಚೆದುರಿದ ತಿಳಿವಳಿಕೆಯ ಬಗ್ಗೆ ಹಾಯೆಕ್ ಬರೆದದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ. ಆದರೆ ಆ ತಿಳಿವಳಿಕೆಯನ್ನು ಇಲ್ಲಿ ಮಾರುಕಟ್ಟೆಯೂ ಕೇಳಿಸಿಕೊಳ್ಳಲಿಲ್ಲ. ರಿಯಾಯಿತಿಯ ಲಾಭ ಪಡೆದದ್ದು ಖಾಸಗಿ ಉದ್ಯಮವೇ.

ಕುಸನೂರಿನಿಂದ ಹೊಸ ಅರಣ್ಯ ನೀತಿಗೆ

ಮುಂಡಗೋಡಕ್ಕೆ ತಾಗಿಕೊಂಡ ಹಾನಗಲ್ ತಾಲ್ಲೂಕಿನ ಕುಸನೂರು ಇದೇ ಪ್ರಶ್ನೆಯ ಇನ್ನೊಂದು ಕಣವಾಯಿತು. ಸರ್ಕಾರ ಮತ್ತು ಖಾಸಗಿ ಉದ್ಯಮವಾದ ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಸಲು ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಗೊತ್ತುಪಡಿಸಲಾಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದರು. 1987ರ ನವೆಂಬರ್ 14ರಂದು ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ಹಳ್ಳಿಗರು ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ನೆಟ್ಟರು. ಅದು ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ಎಂದೇ ಹೆಸರಾಯಿತು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಗೋಮಾಳ, ಸೊಪ್ಪಿನ ಬೆಟ್ಟಗಳಂಥ ಹಳ್ಳಿಯ ಸಾಮೂಹಿಕ ಭೂಮಿ ಸರ್ಕಾರದ ಖಾಲಿ ಜಾಗವೂ ಅಲ್ಲ, ಮಾರಾಟದ ಸರಕೂ ಅಲ್ಲ ಎಂಬ ವಾದ ಇಲ್ಲಿ ಗಟ್ಟಿಯಾಯಿತು.

ಇಂಥ ಹೋರಾಟಗಳ ಕಾಲದಲ್ಲೇ 1988ರ ರಾಷ್ಟ್ರೀಯ ಅರಣ್ಯ ನೀತಿ ರೂಪುಗೊಂಡಿತು. ಕೈಗಾರಿಕೆಗಳಿಗೆ ಅರಣ್ಯ ಉತ್ಪನ್ನವನ್ನು ರಿಯಾಯಿತಿ ದರದಲ್ಲಿ ಕೊಡುವ ಪದ್ಧತಿ ನಿಲ್ಲಬೇಕು, ಕಾರ್ಖಾನೆಗಳು ರೈತರೊಡನೆ ನೇರ ಸಂಬಂಧ ಬೆಳೆಸಿ ಕಚ್ಚಾವಸ್ತು ಪಡೆಯಬೇಕು ಎಂದು ಅದು ಸಾರಿತು. ದಾಂಡೇಲಿಯ ಕಾರ್ಖಾನೆ ಸುಬಾಬುಲ್, ಗಾಳಿಮರ, ನೀಲಗಿರಿ ಬೆಳೆಯುವ ರೈತರತ್ತ ತಿರುಗಿತು. ರಿಯಾಯಿತಿ ತಪ್ಪಿದ ಮೇಲೂ ಅದು ನಡೆಯುತ್ತಿದೆ ಎಂಬುದು ಗಮನಿಸಬೇಕಾದ ಸಂಗತಿ. ಇದಕ್ಕೆ ವ್ಯತಿರಿಕ್ತವಾಗಿ, 1936ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, 1977ರಲ್ಲಿ ಸರ್ಕಾರಿ ಕಂಪನಿಯಾದ ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು.

ಸೂಪಾ: ನೀರಿನ ಲೆಕ್ಕ

ಯೋಜನೆಯ ಪರವಾದ ಬಲವಾದ ಸಾಕ್ಷ್ಯವೂ ಇಲ್ಲಿಯೇ ಇದೆ. 1970ರಲ್ಲಿ ಸ್ಥಾಪನೆಯಾದ ರಾಜ್ಯದ ವಿದ್ಯುತ್ ನಿಗಮ ಕಾಳಿ ನದಿಯನ್ನು ಹಂತ ಹಂತವಾಗಿ ವಿದ್ಯುತ್ತಿಗೆ ಪಳಗಿಸಿತು. ನಾಗಝರಿಯ ವಿದ್ಯುದಾಗಾರದ ಘಟಕಗಳು 1980ರ ಆಸುಪಾಸಿನಿಂದ ಒಂದೊಂದಾಗಿ ಚಾಲನೆಗೊಂಡವು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ದಶಕಗಳ ಕಾಲ ಹಣ ತೊಡಗಿಸಿ ಲಾಭಕ್ಕೆ ಕಾಯುವ ಇಂಥ ಕೆಲಸಕ್ಕೆ ಆ ಕಾಲದ ಖಾಸಗಿ ಬಂಡವಾಳ ಮುಂದೆ ಬರುವ ಸ್ಥಿತಿ ಇರಲಿಲ್ಲ. ಕರ್ನಾಟಕದ ಪಂಪ್‌ಸೆಟ್ಟುಗಳಿಗೂ ಕಾರ್ಖಾನೆಗಳಿಗೂ ಅಗ್ಗದ ವಿದ್ಯುತ್ ಕೊಟ್ಟ ಮೂಲಗಳಲ್ಲಿ ಕಾಳಿಗೆ ಶರಾವತಿಯ ಪಕ್ಕದಲ್ಲೇ ಸ್ಥಾನ.

ಆ ಲೆಕ್ಕದ ಇನ್ನೊಂದು ಕಲಂ ಮುಳುಗಡೆ. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ನೀರಿನಡಿ ಸೇರಿತು. ಕೇಂದ್ರ ಜೋಯಿಡಾಕ್ಕೆ ಹೋಯಿತು. ನಿರಾಶ್ರಿತರನೇಕರಿಗೆ ರಾಮನಗರದಲ್ಲಿ ನೆಲೆ ಕೊಡಲಾಯಿತು. ರಾಜ್ಯಕ್ಕೆ ಬೆಳಕು ಕೊಟ್ಟ ಜೋಯಿಡಾದ ಅನೇಕ ಕಾಡಿನ ಹಳ್ಳಿಗಳು ಬಹುಕಾಲ ಚಿಮಣಿ ದೀಪದಲ್ಲೇ ಉಳಿದವು. ಒಟ್ಟು ಲಾಭ ನಷ್ಟಕ್ಕಿಂತ ದೊಡ್ಡದು ಎಂದು ಯೋಜನೆ ಲೆಕ್ಕ ಒಪ್ಪಿಸಬಹುದು. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆದಾಗ ಆ ಮೊತ್ತ ನ್ಯಾಯದ ಅಳತೆಯಾಗುವುದಿಲ್ಲ.

ಮುಂಡಗೋಡದ ಶಿಬಿರ, ಹಳಿಯಾಳದ ಕಬ್ಬು

ಮುಂಡಗೋಡದ ಟಿಬೆಟನ್ ನೆಲೆ ಯೋಜಿತ ವಸಾಹತಿನ ಅಪರೂಪದ ಯಶಸ್ಸು. ನಿರಾಶ್ರಿತರಿಗಾಗಿ ಮೈಸೂರು ಸರ್ಕಾರ ಭೂಮಿ ಕೊಟ್ಟು 1966ರಲ್ಲಿ ಇದು ಆರಂಭವಾಯಿತು. ಕುಟುಂಬಗಳಿಗೆ ಉಳುವ ಭೂಮಿ ಹಂಚಿ, ಬೀಜ, ಟ್ರ್ಯಾಕ್ಟರು, ಮಾರಾಟದ ಹೊಣೆಯನ್ನು ಸಹಕಾರ ಸಂಘಕ್ಕೆ ಒಪ್ಪಿಸಲಾಯಿತು. ಗೋವಿನಜೋಳ, ಭತ್ತ ಬೆಳೆದವು. ಗಾಂದೆನ್, ದ್ರೆಪುಂಗ್ ಮಠಗಳು ಮತ್ತೆ ತಲೆಯೆತ್ತಿದವು. ಮಳೆಯನ್ನೇ ನಂಬಿದ ಹೊಲದ ಆದಾಯ ಸಾಲದಾದಾಗ ಅನೇಕ ಕುಟುಂಬಗಳು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರತೊಡಗಿದವು. ನೆಲ ಕೊಟ್ಟದ್ದು ಸರ್ಕಾರ, ಬೇರೂರಿಸಿದ್ದು ಸಹಕಾರ, ಕೈಗೆ ನಗದು ತಂದದ್ದು ಸಂತೆ.

ಹಳಿಯಾಳದಲ್ಲಿ ವಾದ ಪ್ರತಿ ವರ್ಷ ಕಬ್ಬು ನುರಿಸುವ ಹಂಗಾಮಿಗೆ ಮರುಕಳಿಸುತ್ತದೆ. ಜಿಎಂಆರ್ ಸಮೂಹದ ಕೈಯಲ್ಲಿದ್ದ ಇಲ್ಲಿನ ಸಕ್ಕರೆ ಕಾರ್ಖಾನೆ 2010ರಲ್ಲಿ ಇಐಡಿ ಪ್ಯಾರಿಗೆ ಹೋಯಿತು. ಕಾರ್ಖಾನೆ ಖಾಸಗಿ, ಕಬ್ಬಿನ ಕನಿಷ್ಠ ಬೆಲೆ ಮಾತ್ರ ದಿಲ್ಲಿಯದು. 2009ರಿಂದ ಜಾರಿಯಲ್ಲಿರುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ರೈತರ ಬಾಯಲ್ಲಿ ಎಫ್‌ಆರ್‌ಪಿ, ಸಕ್ಕರೆ ಇಳುವರಿಗೆ ತಳಕು ಹಾಕಿಕೊಂಡಿದೆ. ಕಾರ್ಖಾನೆಗಳು ಸಕ್ಕರೆಯ ಒಂದು ಪಾಲನ್ನು ಸರ್ಕಾರಕ್ಕೆ ಕಡಿಮೆ ದರದಲ್ಲಿ ಕೊಡಬೇಕಾಗಿದ್ದ ಲೆವಿ ಪದ್ಧತಿಯನ್ನು 2013ರಲ್ಲಿ ಕೇಂದ್ರ ರದ್ದು ಮಾಡಿತು. 2018ರಲ್ಲಿ ಸಕ್ಕರೆಗೆ ಕನಿಷ್ಠ ಮಾರಾಟ ದರವನ್ನು ತಾನೇ ಗೊತ್ತುಪಡಿಸಿತು. ಕಟಾವು ಮತ್ತು ಸಾಗಾಣಿಕೆ ವೆಚ್ಚ ಎಷ್ಟು ಮುರಿದುಕೊಳ್ಳಬೇಕು, ಇಳುವರಿ ಅಳೆಯುವವರು ಯಾರು ಎಂಬುದೇ ರೈತರ ಚಳವಳಿಗಳ ಮುಖ್ಯ ಪ್ರಶ್ನೆ. ಬೆಲೆಯನ್ನು ಸರ್ಕಾರ ನಿಗದಿ ಮಾಡಿದರೂ ತಕ್ಕಡಿ ಕಾರ್ಖಾನೆಯ ಅಂಗಳದಲ್ಲೇ ಇರುತ್ತದೆ.

1991ರ ನಂತರ

ಉದಾರೀಕರಣದ ಬಳಿಕ ಲೈಸೆನ್ಸುಗಳು ಕರಗಿದವು. 2015ರ ಜನವರಿ 1ರಂದು ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು. ಆದರೂ ಈ ತಾಲ್ಲೂಕುಗಳಲ್ಲಿ ಸರ್ಕಾರದ ತೀರ್ಮಾನದ ಭಾರ ಇಳಿದಿಲ್ಲ. ಅಣಶಿ–ದಾಂಡೇಲಿ ಹುಲಿ ಮೀಸಲು 2007ರಲ್ಲಿ ಘೋಷಣೆಯಾಗಿ, 2015ರಲ್ಲಿ ಕಾಳಿ ಹೆಸರು ಪಡೆಯಿತು. ರೆಸಾರ್ಟು, ಹೋಮ್‌ಸ್ಟೇಗಳು ಖಾಸಗಿಯವಾದರೂ ಗಣೇಶಗುಡಿಯ ರ‍್ಯಾಫ್ಟಿಂಗ್ ನಡೆಯುವುದು ವಿದ್ಯುತ್ ನಿಗಮ ನೀರು ಬಿಟ್ಟಾಗ. ಹುಲಿ ಮೀಸಲಿನೊಳಗಿನ ಊರು ತೊರೆಯಲು ಒಪ್ಪುವ ಕುಟುಂಬಕ್ಕೆ 2008ರ ಕೇಂದ್ರ ಮಾರ್ಗಸೂಚಿ ನಿಗದಿ ಮಾಡಿದ್ದು 10 ಲಕ್ಷ ರೂಪಾಯಿ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು ಅರಣ್ಯವಾಸಿಗಳಿಗೆ ಅದರ ಮೇಲೆ ಹಕ್ಕು ಕೊಟ್ಟಿತು, ಗ್ರಾಮಸಭೆಗೆ ಮಾತಾಡುವ ಅಧಿಕಾರ ಕೊಟ್ಟಿತು. ಇತ್ತ ಜೋಯಿಡಾದ ಕುಣಬಿ ರೈತರು ಗೆಡ್ಡೆ–ಗೆಣಸು ಮೇಳದಲ್ಲಿ ತಮ್ಮ ಬೆಳೆಯನ್ನು ತಾವೇ ಬೆಲೆ ಕಟ್ಟಿ ಮಾರುತ್ತಿದ್ದಾರೆ.

ಎರಡು ಶತಮಾನಗಳ ಈ ಚರಿತ್ರೆ ಯೋಜನೆಯನ್ನೋ ಮಾರುಕಟ್ಟೆಯನ್ನೋ ಸಾರಾಸಗಟಾಗಿ ಗೆಲ್ಲಿಸುವುದಿಲ್ಲ. ವಿದ್ಯುತ್ತಿನಲ್ಲಿ, ನಿರಾಶ್ರಿತರ ನೆಲೆಯಲ್ಲಿ ಯೋಜನೆ ಕೆಲಸ ಮಾಡಿತು. ಬಿದಿರಿನಲ್ಲಿ ಅದು ಕಾಡನ್ನೂ ಕಸುಬನ್ನೂ ಕಳೆಯಿತು. ರಿಯಾಯಿತಿ ನಿಂತು ನಿಜವಾದ ಬೆಲೆ ಬಂದ ಮೇಲೆ ಕಾಗದ ಕಾರ್ಖಾನೆ ರೈತನನ್ನು ಹುಡುಕಿಕೊಂಡು ಹೋಯಿತು. ಬೆಲೆ ಕಟ್ಟುವ ಮುನ್ನ ಮೇದಾರರನ್ನು, ಅಣೆಕಟ್ಟು ಕಟ್ಟುವ ಮುನ್ನ ಸೂಪಾದವರನ್ನು ಸಮಾನರಾಗಿ ಕೂರಿಸಿ ಕೇಳುವ ಏರ್ಪಾಡು ಆಗ ಇರಲಿಲ್ಲ. ಗ್ರಾಮಸಭೆಯ ಮೂಲಕ ಆ ಏರ್ಪಾಡು ಈಗ ಕಾನೂನಿನಲ್ಲಿದೆ. ಅದನ್ನು ಪೂರ್ತಿಯಾಗಿ ಜಾರಿಗೆ ತರುವುದು ಸರ್ಕಾರದ ಹೊಣೆ.