ಹೊಸಕೋಟೆ: ಗೌಡರ ಕೋಟೆ, ಊರಿನ ಕೆರೆ

ಸುಗಟೂರಿನ ಪಾಳೆಯಗಾರ ತಮ್ಮೇಗೌಡರು 1595ರ ಸುಮಾರಿಗೆ ಇಲ್ಲಿ ಕೋಟೆಯನ್ನೂ ಈ ದೊಡ್ಡ ಕೆರೆಯನ್ನೂ ಕಟ್ಟಿಸಿದರು. ಆ ಕಾಲದ ಮಣ್ಣಿನ ಕೋಟೆಗಳಿಗೆ ಕಂದಕ ತೋಡಿದ ಮಣ್ಣೇ ಗೋಡೆಯಾಗುತ್ತಿತ್ತು. 1761ರಲ್ಲಿ ಹೈದರಾಬಾದ್ ನಿಜಾಮನ ಸೋದರ ಬಸಾಲತ್ ಜಂಗ್ ಮುತ್ತಿಗೆ ಹಾಕಿದ್ದು ಇಲ್ಲಿಗೇ. ಕೋಟೆಯ ಕುರುಹು ಈಗ ಕಡಿಮೆ.

ಕಂದಕ ಬೇರೆಡೆಯೂ ಇತ್ತು: ಮಧ್ಯಯುಗದ ಇಂಗ್ಲೆಂಡಿನ ಕೆಲವು ಜಮೀನ್ದಾರರು ಮನೆಯ ಸುತ್ತ ಕಂದಕ, ಪಕ್ಕದಲ್ಲಿ ತಮ್ಮ ಊಟಕ್ಕೆಂದೇ ಮೀನಿನ ಕೊಳ ಇಟ್ಟುಕೊಂಡಿದ್ದರು. ಆದರೆ ನಮ್ಮ ಕೆರೆ ಇಡೀ ಊರಿನದು. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿಯ ನೀರನ್ನು ಏರಿ ತಡೆದು ನಿಲ್ಲಿಸಿತು, ತೂಬು ಗದ್ದೆಗೆ ಹರಿಸಿತು. ಕೆರೆ ತುಂಬಿ ಕೋಡಿ ಬಿದ್ದಾಗ ಮೀನುಗಳು ಹರಿವಿಗೆ ಎದುರಾಗಿ ಹತ್ತುತ್ತವೆ. ಅಲ್ಲಿ ಬಿದಿರಿನ ಕೂಳಿ ಒಡ್ಡಿ ಹಿಡಿಯುವುದು ಈ ಸೀಮೆಯ ಹಳೆಯ ರೂಢಿ.

ಕೆರೆಗೆ ಕಸ ಎಸೆಯಬೇಡಿ. ತೂಬಿನ ಬಳಿ ನೀರಿಗಿಳಿಯಬೇಡಿ.